ಟೈರಿನ ಮೇಲಿನ ಆಕಾಶ

ಕ್ರೂಸರ್ ಬೈಕಿನ ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಜಾಗ ಅನೇಕ ಸವಾರರ ಕಣ್ಣಿಗೆ ಚುಚ್ಚುತ್ತದೆ. ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಬೈಕು ತಗ್ಗುತ್ತದೆ, ಸಂದು ಕಿರಿದಾಗುತ್ತದೆ. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರ ಮೇಲೇಳುವುದು ಅದೇ ಜಾಗದೊಳಕ್ಕೆ. ತೀರಾ ತಗ್ಗಿಸಿದರೆ, ಹಿಂದೆ ಇನ್ನೊಬ್ಬರು ಕೂತ ದಿನ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು.

ಹಾಗಾದರೆ ಖಾಲಿ ಎಂಬುದು ಕೊರತೆಯೋ, ಅವಕಾಶವೋ?

ಗದಗಿಗೆ ಹತ್ತಿರದ ಲಕ್ಕುಂಡಿಯಲ್ಲಿ ಎರಡೂ ಉತ್ತರಗಳಿವೆ. ಕಾಶಿವಿಶ್ವೇಶ್ವರ ಗುಡಿಯ ಕಲ್ಲುಗಳನ್ನು ಗಾರೆಯಿಲ್ಲದೆ ಕೂಡಿಸಿದ್ದಾರೆ. ಆ ಶಿಲ್ಪಿಗೆ ಸಂದು ಎಂದರೆ ದೋಷವೇ. ಅದೇ ಆವರಣದಲ್ಲಿ ಪೂರ್ವಾಭಿಮುಖಿ ಶಿವನಿಗೂ ಪಶ್ಚಿಮಾಭಿಮುಖಿ ಸೂರ್ಯನಿಗೂ ನಡುವೆ ತೆರವಿದೆ. ಅದನ್ನು ಮುಚ್ಚಿದರೆ ಅವರಿಬ್ಬರು ಮುಖಾಮುಖಿಯಾಗುವುದು ಹೇಗೆ?

ತುಸು ದೂರದಲ್ಲೇ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ. ಜೈನ ದರ್ಶನ ಎಣಿಸುವ ಆರು ದ್ರವ್ಯಗಳಲ್ಲಿ ಆಕಾಶವೂ ಒಂದು. ಉಳಿದವಕ್ಕೆ ಎಡೆ ಕೊಡುವುದೇ ಅದರ ಕೆಲಸ. ಅಂದರೆ ಖಾಲಿಯೂ ಒಂದು ವಸ್ತು! ಮೆಕ್ಯಾನಿಕ್ ಇದನ್ನು ಓದದೆಯೇ ಒಪ್ಪುತ್ತಾನೆ.

ಹಾರ್ಲೆ-ಡೇವಿಡ್‌ಸನ್ ಜಾಣತನ ಬೇರೆ: 1984ರ ಸಾಫ್ಟೇಲ್‌ನಲ್ಲಿ ಶಾಕ್ ಅಬ್ಸಾರ್ಬರನ್ನೇ ಬೈಕಿನಡಿ ಅಡಗಿಸಿತು. ನೋಟ ಹಿಂದೆ ಶಾಕ್ ಇಲ್ಲದ ಹಳೆಯ ಬಿಗಿ ಚೌಕಟ್ಟಿನದು. ಚಕ್ರದ ಏರಿಳಿತ ಮಾತ್ರ ಉಳಿದೇ ಇತ್ತು.