ಆನರ್ಸ್ ವ್ಯಾಸಂಗ: ಮಾನಕ್ಕೋ, ಅರಿವಿಗೋ?

ವಿಶ್ವವಿದ್ಯಾನಿಲಯಗಳಲ್ಲಿ ‘ಆನರ್ಸ್’ ಎಂದು ಕರೆಯಿಸಿಕೊಳ್ಳುವ ವಿಶೇಷ ವ್ಯಾಸಂಗಕ್ರಮವೊಂದುಂಟು. ಪದವಿ ತರಗತಿಯ ವಿದ್ಯಾರ್ಥಿಗಳಲ್ಲಿ ಕೆಲವರು ಸಾಮಾನ್ಯ ಪಾಠಕ್ರಮಕ್ಕಿಂತ ಆಳವಾಗಿ ಒಂದು ಶಾಸ್ತ್ರವನ್ನು ಓದಿ, ಹೆಚ್ಚು ಕಠಿಣವಾದ ಪರೀಕ್ಷೆಗೆ ಒಳಗಾಗಿ ಪಡೆಯುವ ಪದವಿ ಅದು. ಆ ಇಂಗ್ಲಿಷ್ ಮಾತಿನ ಅರ್ಥ ಮಾನ, ಮರ್ಯಾದೆ, ಮನ್ನಣೆ ಎಂದು. ವ್ಯಾಸಂಗದ ಹೆಸರಿನಲ್ಲಿ ಓದಿನ ಸುಳಿವೇ ಇಲ್ಲ. ಓದಿದವನಿಗೆ ಸಲ್ಲುವ ಮನ್ನಣೆಯೊಂದೇ ಇದೆ. ಬೇಸಾಯಕ್ಕೆ ಬೇಸಾಯವೆನ್ನದೆ ಕಣಜವೆಂದು ಹೆಸರಿಟ್ಟಂತಾಯಿತು. ಹೀಗೆ ಫಲವನ್ನೇ ಹೆಸರಾಗಿ ಹೊತ್ತ ವ್ಯಾಸಂಗಕ್ಕೆ ಸೇರುವ ತರುಣರು ಅರಿವನ್ನು ಬಯಸಿ ಸೇರುವರೋ, ಮಾನವನ್ನು ಬಯಸಿ ಸೇರುವರೋ ಎಂಬುದು ವಿಚಾರ ಮಾಡತಕ್ಕ ವಿಷಯ.

ಕನ್ನಡ ನಾಡಿಗೂ ಈ ವಿಷಯ ದೂರದ್ದಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021–22ರಲ್ಲಿ ಕರ್ನಾಟಕದ ಕಾಲೇಜುಗಳಿಗೆ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ವರ್ಷ ಮೂರೋ ನಾಲ್ಕೋ ಎಂಬ ಮಾತೇ ಮುಂದಾಗಿ, ಆನರ್ಸ್ ಎಂದರೇನೆಂಬ ಮಾತು ಹಿಂದುಳಿಯಿತು. ಅದನ್ನು ತಿಳಿಯಬೇಕಾದರೆ ಆ ಪದ್ಧತಿ ಹುಟ್ಟಿ ಬೆಳೆದ ಸ್ಥಳಗಳತ್ತ ನೋಡಬೇಕಾಗುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಗಣಿತದ ಆನರ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಮೊದಲನೆಯವನಿಂದ ಕಡೆಯವನವರೆಗೆ ಸಾಲಾಗಿ ನಿಲ್ಲಿಸಿ ಪಟ್ಟಿ ಓದುವ ವಾಡಿಕೆಯಿತ್ತು. ಮೊದಲನೆಯವನಿಗೆ ‘ಸೀನಿಯರ್ ರ‍್ಯಾಂಗ್ಲರ್’ ಎಂಬ ಬಿರುದು. ಕಡೆಯವನಿಗೆ ಸಹಪಾಠಿಗಳು ಹಾಸ್ಯಕ್ಕಾಗಿ ಕೊಡುತ್ತಿದ್ದುದು ದೊಡ್ಡದೊಂದು ಮರದ ಸೌಟು. ಈ ಸಾಲಿನಲ್ಲಿ ಮುಂದೆ ನಿಲ್ಲುವ ಆಸೆಯಿಂದ ಹುಡುಗರು ಖಾಸಗಿ ಉಪಾಧ್ಯಾಯರಿಗೆ ಹಣ ತೆತ್ತು, ಗಣಿತಕ್ಕಿಂತ ಹೆಚ್ಚಾಗಿ ಪರೀಕ್ಷೆಯನ್ನು ಕಲಿತರು. 1890ರಲ್ಲಿ ಫಿಲಿಪ್ಪಾ ಫಾಸೆಟ್ ಎಂಬ ತರುಣಿ ಸೀನಿಯರ್ ರ‍್ಯಾಂಗ್ಲರನಿಗಿಂತಲೂ ಮೇಲಿನ ಸ್ಥಾನದ ಅಂಕಗಳನ್ನು ಗಳಿಸಿದಳು. ಆದರೂ ಬಿರುದು ಆಕೆಗೆ ಸಲ್ಲಲಿಲ್ಲ. ಹೆಂಗಸರ ಹೆಸರನ್ನು ಬೇರೆ ಪಟ್ಟಿಯಲ್ಲಿ ಓದುತ್ತಿದ್ದರು. ಪದವಿಯನ್ನಂತೂ ಆ ವಿಶ್ವವಿದ್ಯಾನಿಲಯ 1948ರವರೆಗೆ ಹೆಂಗಸರಿಗೆ ಕೊಡಲೇ ಇಲ್ಲ. ಅರಿವು ಆಕೆಯದಾಗಿತ್ತು, ಮಾನ ಮಾತ್ರ ಕೊಡುವವರ ಕೈಯಲ್ಲಿತ್ತು. ಎರಡೂ ಒಂದೇ ಎಂದು ತಿಳಿಯುವವರು ಈ ಪ್ರಸಂಗವನ್ನು ತುಸು ನಿಂತು ಯೋಚಿಸುವುದು ಒಳ್ಳೆಯದು. ಸ್ಥಾನಗಳನ್ನು ಸಾಲಾಗಿ ಸಾರುವ ಆ ವಾಡಿಕೆ 1909ಕ್ಕೆ ಕೊನೆಗೊಂಡಿತು.

ಇದಕ್ಕಿಂತ ಬೇರೆ ಬಗೆಯ ಯತ್ನವೊಂದು ಅಮೆರಿಕದಲ್ಲಿ ನಡೆಯಿತು. ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಫಿಲಡೆಲ್ಫಿಯಾ ನಗರದ ಸಮೀಪ ಸ್ವಾರ್ತ್‌ಮೋರ್ ಎಂಬ ಚಿಕ್ಕ ಕಾಲೇಜಿದೆ. 1864ರಲ್ಲಿ ಕ್ವೇಕರರೆಂಬ ಕ್ರೈಸ್ತ ಪಂಥದವರು ಹೆಣ್ಣು ಗಂಡು ಇಬ್ಬರಿಗೂ ಒಂದೇ ಕಡೆ ವಿದ್ಯೆ ದೊರೆಯಲೆಂದು ಸ್ಥಾಪಿಸಿದುದು. 1921ರಲ್ಲಿ ಅದರ ಅಧ್ಯಕ್ಷರಾಗಿ ಬಂದ ಫ್ರ್ಯಾಂಕ್ ಏಡೆಲಾಟ್ ಅವರು ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿನಲ್ಲಿ ಓದಿದವರು. ಎಲ್ಲ ವಿದ್ಯಾರ್ಥಿಗಳನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವ ಅಮೆರಿಕದ ಕಾಲೇಜುಗಳ ಕ್ರಮದಿಂದ ಬಲ್ಲವನ ಬುದ್ಧಿಗೆ ಕೆಲಸವಿಲ್ಲದಂತಾಗುತ್ತದೆ ಎಂಬುದು ಅವರ ಆಕ್ಷೇಪ. 1922ರಲ್ಲಿ ಅವರು ಅಲ್ಲಿ ಆನರ್ಸ್ ವ್ಯಾಸಂಗವನ್ನು ಆರಂಭಿಸಿದರು.

ಆ ವ್ಯಾಸಂಗದಲ್ಲಿ ಗಮನಿಸಬೇಕಾದುದು ವಿದ್ಯಾರ್ಥಿಗೆ ಕೊಟ್ಟುದಕ್ಕಿಂತ ಹೆಚ್ಚಾಗಿ ಅವನಿಂದ ತೆಗೆದುಕೊಂಡುದು. ಕಡೆಯ ಎರಡು ವರ್ಷ ದಿನದಿನದ ಪಾಠಗಳಿಲ್ಲ, ಆಗಾಗಿನ ಅಂಕಗಳಿಲ್ಲ. ಕೆಲವೇ ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರೊಡನೆ ವಾರಕ್ಕೊಮ್ಮೆ ಮೇಜಿನ ಸುತ್ತ ಕುಳಿತು, ತಾವು ಬರೆದು ತಂದ ಲೇಖನವನ್ನು ಓದಿ, ಒಬ್ಬರ ಮಾತನ್ನೊಬ್ಬರು ಒರೆಗೆ ಹಚ್ಚಿ ಚರ್ಚಿಸತಕ್ಕದ್ದು. ಎರಡು ವರ್ಷದ ಕೊನೆಗೆ ಬೇರೆ ವಿದ್ಯಾಸಂಸ್ಥೆಗಳಿಂದ ಬಂದ ಪರೀಕ್ಷಕರು ಬರೆಹದಿಂದಲೂ ಬಾಯಿಮಾತಿನಿಂದಲೂ ಪರೀಕ್ಷಿಸಿ ಯೋಗ್ಯತೆಯನ್ನು ನಿರ್ಣಯಿಸುವರು. ಕಲಿಸಿದ ಗುರುವಿಗೆ ಆ ನಿರ್ಣಯದಲ್ಲಿ ಕೈಯಿಲ್ಲ.

ಇದು ಸಣ್ಣ ಮಾತಲ್ಲ. ಅಂಕ ಕೊಡುವ ಅಧಿಕಾರ ಗುರುವಿನಲ್ಲಿರುವ ತನಕ ಶಿಷ್ಯನ ಒಂದು ಕಣ್ಣು ಗ್ರಂಥದ ಮೇಲಿದ್ದರೆ ಇನ್ನೊಂದು ಗುರುವಿನ ಮುಖದ ಮೇಲಿರುತ್ತದೆ. ಗುರುವಿಗೆ ಮೆಚ್ಚುಗೆಯಾಗುವ ಮಾತು ಯಾವುದೆಂದು ಅವನು ಮೊದಲು ಕಲಿಯುತ್ತಾನೆ. ದಿಟವಾದ ಮಾತು ಯಾವುದೆಂದು ಆಮೇಲೆ, ಕಲಿತರೆ. ಹೊರಗಿನವರು ಪರೀಕ್ಷಕರಾದ ಕೂಡಲೆ ಗುರುಶಿಷ್ಯರಿಬ್ಬರೂ ಒಂದೇ ಪಕ್ಕದಲ್ಲಿ ನಿಲ್ಲುತ್ತಾರೆ. ಶಿಷ್ಯನ ತಪ್ಪನ್ನು ಗುರು ಈಗಲೇ ತೋರಿಸದಿದ್ದರೆ ನಾಳೆ ಅಪರಿಚಿತರು ತೋರಿಸುವರು. ಅದರಲ್ಲಿ ಗುರುವಿನ ಮಾನವೂ ಅಡಗಿರುತ್ತದೆ. ಮುಖಸ್ತುತಿಗೂ ಮುಲಾಜಿಗೂ ಅಲ್ಲಿ ಬೆಲೆಯಿಲ್ಲ. 1990ರ ದಶಕದ ಸುಧಾರಣೆಯಲ್ಲಿ ಈ ಕ್ರಮ ಕೆಲಮಟ್ಟಿಗೆ ಬದಲಾಗಿ, ವಾರದ ಗೋಷ್ಠಿಗಳಿಗೆ ಅಧ್ಯಾಪಕರೇ ಅಂಕ ಕೊಡುವುದು ಬಂದಿತು. ಅದರಿಂದ ಪದ್ಧತಿಯ ಮೊನೆ ತುಸು ಮೊಂಡಾಯಿತೆಂದೇ ಹೇಳಬೇಕು. ಆದರೆ ಆನರ್ಸಿನ ನಿರ್ಣಯ ಹೊರಗಿನವರಲ್ಲಿಯೇ ಉಳಿಯಿತು.

ಇಲ್ಲೊಂದು ವಿಚಿತ್ರವುಂಟು. ಈ ಕಾಲೇಜನ್ನು ಕಟ್ಟಿದ ಕ್ವೇಕರರು ಮೊದಲಿನಿಂದಲೂ ಮಾನಮರ್ಯಾದೆಗಳ ಆಚಾರವನ್ನು ಒಲ್ಲದವರು. ದೇವರ ಮುಂದಲ್ಲದೆ ಯಾವ ಪ್ರಭುವಿನ ಮುಂದೆಯೂ ಟೋಪಿ ತೆಗೆಯೆವೆಂದು ಹಟ ಹಿಡಿದು ಸೆರೆ ಸೇರಿದವರು. ಪೆನ್ಸಿಲ್ವೇನಿಯಾವನ್ನು ನೆಲೆಗೊಳಿಸಿದ ವಿಲಿಯಂ ಪೆನ್ನನಿಗೇ 1670ರಲ್ಲಿ ಲಂಡನ್ನಿನ ನ್ಯಾಯಾಲಯ ಟೋಪಿಯ ಕಾರಣದಿಂದ ದಂಡ ವಿಧಿಸಿತ್ತು. ದೊಡ್ಡವರಿಗೆ ಬಹುವಚನ, ಚಿಕ್ಕವರಿಗೆ ಏಕವಚನ ಎಂಬ ಅಂದಿನ ಇಂಗ್ಲಿಷ್ ಭೇದವನ್ನು ತೊರೆದು ಎಲ್ಲರನ್ನೂ ‘ನೀನು’ ಎಂದೇ ಅವರು ಕರೆದರು. ಅಂಥವರ ಕಾಲೇಜಿನಲ್ಲಿ ಕೆಲವರಿಗೆ ಮಾತ್ರ ಸಲ್ಲುವ ‘ಮಾನ’ದ ಪದವಿ ಬೆಳೆದುದು ಹೇಗೆ? ಕೆಲಸಕ್ಕೆ ಬೆಲೆ ಕೊಡುವುದು ಬೇರೆ, ವ್ಯಕ್ತಿಗೆ ತಲೆಬಾಗುವುದು ಬೇರೆ ಎಂದು ಸಮಾಧಾನ ಹೇಳಬಹುದು. ಆದರೆ ಪ್ರಮಾಣಪತ್ರದಲ್ಲಿ ಅಚ್ಚಾಗುವುದು ವ್ಯಕ್ತಿಯ ಹೆಸರು. ಅದನ್ನು ಹಿಡಿದವನು ಇತರರು ತನಗೆ ಟೋಪಿ ತೆಗೆಯಲೆಂದು ಕಾಯತೊಡಗಿದರೆ ಪೆನ್ನನು ದಂಡ ತೆತ್ತುದು ವ್ಯರ್ಥವಾಯಿತೆಂದೇ ಲೆಕ್ಕ.

ಇನ್ನು ಉಳಿದವರ ಪ್ರಶ್ನೆ. ಒಬ್ಬ ಅಧ್ಯಾಪಕರ ಒಂದಿಡೀ ಮಧ್ಯಾಹ್ನವನ್ನು ಎಂಟು ಮಂದಿ ಪಡೆದರೆ ಅದರ ವೆಚ್ಚ ಎಲ್ಲರ ಶುಲ್ಕದಿಂದಲೂ ದಾನಿಗಳ ನಿಧಿಯಿಂದಲೂ ಸಲ್ಲಬೇಕು. ನಲವತ್ತು ಮಂದಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವನು ಏನು ಪಾಪ ಮಾಡಿದ? ಶಕ್ತನನ್ನು ಅಶಕ್ತನ ಹೆಜ್ಜೆಗೆ ಕಟ್ಟಿಹಾಕುವುದು ಅನ್ಯಾಯವೆಂಬ ಏಡೆಲಾಟರ ವಾದ ಸರಿಯೇ. ಆದರೆ ಹದಿನೆಂಟು ಹತ್ತೊಂಬತ್ತರ ಪ್ರಾಯದಲ್ಲಿ ಶಕ್ತನಾರು, ಅಶಕ್ತನಾರು ಎಂದು ಗೊತ್ತುಮಾಡುವವರು ಯಾರು? ಮನೆತುಂಬ ಪುಸ್ತಕವಿದ್ದು ಬೆಳೆದವನು ಶಕ್ತನಂತೆ ಕಾಣುವುದು ಸಹಜ. ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲೇರಿ, ಭೋಜನಶಾಲೆಯಲ್ಲಿ ತಟ್ಟೆ ತೊಳೆದು ಖರ್ಚಿಗೆ ಸಂಪಾದಿಸಿಕೊಳ್ಳುವವಳಿಗೆ ವಾರಕ್ಕೆ ನೂರಾರು ಪುಟ ಓದಲು ಹೊತ್ತೆಲ್ಲಿ? ಪರೀಕ್ಷಕರು ಅಪರಿಚಿತರಾದುದರಿಂದ ಆಕೆಯ ಕುಲ, ನೆಲೆ, ಮುಖ ನೋಡುವುದಿಲ್ಲವೆಂಬುದು ಆಕೆಗೆ ಸಿಗುವ ನ್ಯಾಯ. ಆಕೆಯ ಸವೆದ ಕೈಗಳನ್ನೂ ಅವರು ನೋಡುವುದಿಲ್ಲವೆಂಬುದು ಅದೇ ನ್ಯಾಯದ ಕಾಠಿಣ್ಯ. ಅಂಥವಳು ಆನರ್ಸಿಗೆ ಸೇರದೆ ಹಿಂಜರಿದರೆ ಅದನ್ನು ಹೇಡಿತನವೆನ್ನಲಾಗದು. ಸೇರುವಷ್ಟು ಬಿಡುವನ್ನು ವಿದ್ಯಾರ್ಥಿವೇತನದ ಮೂಲಕ ಒದಗಿಸದೆ, ‘ಬಾಗಿಲು ಎಲ್ಲರಿಗೂ ತೆರೆದಿದೆ’ ಎನ್ನುವ ಸಂಸ್ಥೆಯ ಮಾತಿನಲ್ಲಿಯೇ ದೋಷವಿದೆ.

ಸ್ವಾರ್ತ್‌ಮೋರಿನಲ್ಲಿ ಎರಡನೆಯ ವರ್ಷದ ವಸಂತದಲ್ಲಿ ವಿದ್ಯಾರ್ಥಿಗಳು ಮುಂದಿನ ವ್ಯಾಸಂಗದ ಯೋಜನೆಯನ್ನು ಬರೆದುಕೊಡಬೇಕು. ಆನರ್ಸೋ, ಸಾಮಾನ್ಯ ಕ್ರಮವೋ ಎಂಬುದನ್ನು ತಿಳಿಸುವುದೂ ಆಗಲೇ. ಮನಸ್ಸನ್ನು ಒರೆಗೆ ಹಚ್ಚಿಕೊಳ್ಳಬೇಕಾದ ಹೊತ್ತು ಅದು. ಹೊರಗಿನ ಪರೀಕ್ಷಕರ ಮುಂದೆ ಕುಳಿತು ‘ಇದು ತಿಳಿಯದು’ ಎಂದು ಹೇಳಬೇಕಾಗಿ ಬಂದೀತೆಂಬ ಭಯವಿದ್ದೂ ವಿಷಯದ ಮೇಲಿನ ಆಸೆ ಆ ಭಯವನ್ನು ಮೀರಿದರೆ ಸೇರುವುದು ಸರಿ. ಪರೀಕ್ಷೆಯ ವಿಚಾರ ಹಿಂದಾಗಿ ಪ್ರಮಾಣಪತ್ರವೇ ಕಣ್ಣೆದುರು ನಿಂತರೆ ಆ ಎರಡು ವರ್ಷ ಬಲು ದೀರ್ಘವಾದೀತು. ಇನ್ನೊಂದು ದಾರಿಯೂ ಅಲ್ಲಿದೆ. ಆನರ್ಸಿನ ಗೋಷ್ಠಿಗಳಲ್ಲಿ ಸ್ಥಳವಿದ್ದರೆ ಸಾಮಾನ್ಯ ಕ್ರಮದ ವಿದ್ಯಾರ್ಥಿಗಳೂ ಸೇರಿ ಓದಬಹುದು. ಅವರೂ ಅದೇ ಮೇಜಿನ ಸುತ್ತ ಕುಳಿತು, ಅದೇ ಗ್ರಂಥಗಳನ್ನೋದಿ, ಅದೇ ವಾದದಲ್ಲಿ ಸೋತು ಗೆದ್ದು ಮನೆಗೆ ಹೋಗುತ್ತಾರೆ. ವರ್ಷದ ಕೊನೆಗೆ ಹೊರಗಿನ ಪರೀಕ್ಷಕರು ಬಂದಾಗ ಅವರ ಹೆಸರನ್ನು ಯಾರೂ ಕರೆಯುವುದಿಲ್ಲ.