ಚಿತ್ರ ಮೊದಲೋ, ಮಾತು ಮೊದಲೋ?

ಚಿತ್ರಗಾರನು ತಾನು ಬರೆದ ಚಿತ್ರಗಳ ನಡುವೆ ನಿಂತು ಅವುಗಳ ವಿಷಯವಾಗಿ ಸಭಿಕರಿಗೆ ಉಪನ್ಯಾಸ ಮಾಡುವುದು ಈಗ ದೊಡ್ಡ ಊರುಗಳ ಚಿತ್ರಶಾಲೆಗಳಲ್ಲಿ ರೂಢಿಯಾಗಿದೆ. ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯು 1952ರಲ್ಲಿ ತೆರೆಯಿತು. ಅದು ಆಗಲೇಬೇಕೆಂದು ಒತ್ತಾಯಿಸಿದವರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯವರಾದ ನಮ್ಮ ಕೆ. ಕೆ. ಹೆಬ್ಬಾರರೂ ಒಬ್ಬರು. ಸಮಡೋಳಿಯಂಥ ಊರಿನಿಂದ ಅಂಥಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಮಾತಿನ ಊರುಗೋಲಿಲ್ಲದೆ ನಿಲ್ಲಲಾರದ ಚಿತ್ರವು ಚಿತ್ರವೇ?

ಹಿಂದಿನ ಚಿತ್ರಗಳು ತಾವಾಗಿಯೇ ತಿಳಿಯುತ್ತಿದ್ದುವು ಎಂದು ನಾವು ಭಾವಿಸುತ್ತೇವೆ. ಇದು ಪೂರ್ತಿ ನಿಜವಲ್ಲ. ರವಿವರ್ಮನ ಜಟಾಯುವಧೆಯ ಚಿತ್ರವು ನಮಗೆ ಒಡನೆಯೇ ತಿಳಿಯುವುದೇಕೆ? ರಾಮಾಯಣದ ಕಥೆಯನ್ನು ಅಜ್ಜಿಯು ಮೊದಲೇ ಹೇಳಿರುವಳಷ್ಟೆ! ಆ ಕಥೆಯೇ ಅಲ್ಲಿಯ ಉಪನ್ಯಾಸ. ಇಂದಿನ ಚಿತ್ರವು ಎಲ್ಲರಿಗೂ ಗೊತ್ತಿರುವ ಕಥೆಯನ್ನು ಬಿಟ್ಟು ಹೊರಟಿದೆ. ಆದ್ದರಿಂದ ಅಜ್ಜಿಯ ಕೆಲಸವು ಚಿತ್ರಗಾರನ ಪಾಲಿಗೇ ಬಂದಿದೆ. ರಝಾ ಅವರು ತಮ್ಮ ಬಿಂದುವಿನ ಚಿತ್ರಗಳ ಮಾತು ಬಂದಾಗ, ಬಾಲ್ಯದಲ್ಲಿ ಉಪಾಧ್ಯಾಯರೊಬ್ಬರು ಚಂಚಲಚಿತ್ತನಾದ ತನಗಾಗಿ ಗೋಡೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು ಅದನ್ನೇ ನೋಡೆಂದ ಸಂಗತಿಯನ್ನು ನೆನೆಯುತ್ತಿದ್ದರು. ಇದನ್ನು ಕೇಳಿದವನು ಆ ಕಪ್ಪು ವೃತ್ತದ ಮುಂದೆ ಇನ್ನಷ್ಟು ಹೊತ್ತು ನಿಂತರೆ ಆ ಮಾತು ಸಾರ್ಥಕವಾಯಿತು.

ಆದರೆ ಮಾತಿಗೂ ಒಂದು ಮೇರೆಯುಂಟು. ಚಿತ್ರಗಾರನು ತನ್ನ ಉದ್ದೇಶಕ್ಕೆ ಸಾಕ್ಷಿಯಾಗಬಲ್ಲನು. ತನ್ನ ಸಿದ್ಧಿಗೆ ಸಾಕ್ಷಿಯಾಗಲಾರನು. 'ನಾನು ಇಲ್ಲಿ ದುಃಖವನ್ನು ತೋರಿಸಬೇಕೆಂದಿದ್ದೆ' ಎಂದು ಅವನು ಹೇಳಬಹುದು. ದುಃಖವು ಅಲ್ಲಿ ಕಂಡಿತೋ ಇಲ್ಲವೋ ಎಂಬುದನ್ನು ಹೇಳಬೇಕಾದುದು ನಮ್ಮ ಕಣ್ಣು. ಸಾಂಗಲಿಯ ಪೇಟೆಯಲ್ಲಿ ಮಾರುವವನು ಅರಿಸಿನವನ್ನು ಎಷ್ಟು ಹೊಗಳಿದರೂ, ಬಲ್ಲವನು ಕೊಂಬನ್ನು ಮುರಿದು ಒಳಗಿನ ಬಣ್ಣವನ್ನು ನೋಡದೆ ಬೆಲೆ ಕಟ್ಟುವುದಿಲ್ಲ. 2001ರಲ್ಲಿ ತೀರಿಕೊಂಡ ಗಾಯತೊಂಡೆಯವರು ಮಿತಭಾಷಿಗಳಾಗಿದ್ದರು. ಅವರ ಮೌನದಿಂದ ಅವರ ಚಿತ್ರಗಳೇನೂ ಬಡವಾಗಲಿಲ್ಲ.

ನಿಜವಾದ ಅಪಾಯವಿರುವುದು ಉಪನ್ಯಾಸದಲ್ಲಿ ಅಲ್ಲ, ನಮ್ಮ ಅಂಜಿಕೆಯಲ್ಲಿ. ದಡ್ಡರೆನಿಸಿಕೊಂಡೇವೆಂಬ ಭಯದಿಂದ ನಾವು ತಲೆದೂಗುತ್ತೇವೆ, ಕಾಣದುದನ್ನು ಕಂಡೆವೆನ್ನುತ್ತೇವೆ. ಇದು ಕಲೆಯ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ. ದೊಡ್ಡವರು ತಲೆದೂಗಿದುದನ್ನು ನೋಡಿ ಹುಡುಗನೂ ತಲೆದೂಗಿದರೆ ಅವನು ಅಲ್ಲಿ ಕಲಿತುದು ಚಿತ್ರವನ್ನಲ್ಲ, ಸುಳ್ಳನ್ನು. ತಿಳಿಯದಿದ್ದರೂ 'ಇದೆಂಥ ಗೀಚು!' ಎಂದು ನಗುವವನದೂ ಅದೇ ಅಂಜಿಕೆ. ವೇಷ ಮಾತ್ರ ಬೇರೆ. 'ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ನೋಡುತ್ತೇನೆ' ಎನ್ನುವ ಬಾಲಕನು ಇವರಿಬ್ಬರಿಗಿಂತಲೂ ಚಿತ್ರಕ್ಕೆ ಹತ್ತಿರದವನು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಮೊದಲು ಮಕ್ಕಳು ಮಾತಿಲ್ಲದೆ ನೋಡಲಿ; ಕಂಡುದನ್ನು ಎರಡು ಸಾಲು ಬರೆದಿಟ್ಟುಕೊಳ್ಳಲಿ. ಆಮೇಲೆ ಚಿತ್ರಗಾರನ ಮಾತನ್ನು ಗೌರವದಿಂದ ಕೇಳಲಿ. ಕೇಳಿದ ಬಳಿಕ ಮತ್ತೆ ಚಿತ್ರದ ಬಳಿಗೆ ಹೋಗಲಿ. ಎರಡನೆಯ ನೋಟದಲ್ಲಿ ಹೆಚ್ಚು ಕಂಡರೆ ಮಾತಿಗೆ ಋಣಿಗಳಾಗೋಣ. ಕಾಣದಿದ್ದರೆ ಹಾಗೆಂದು ವಿನಯದಿಂದ ಹೇಳೋಣ. ಹಾಗೆ ಹೇಳಿದ ಹುಡುಗನನ್ನು ಗದರಿಸದಿರುವುದು ಉಪಾಧ್ಯಾಯರಾದ ನಮ್ಮ ಪಾಲಿನ ಕರ್ತವ್ಯ.