ಹೆಸರಿಲ್ಲದ ಹಡಗಿಗೆ ಹೆಸರು

ಗುರುತು ಸಿಗದುದಕ್ಕೆ ಹೆಸರು ಕೊಡುವ ಹಕ್ಕು ನಮಗೆಷ್ಟರ ಮಟ್ಟಿಗೆ ಇದೆ? ಇದು ಒಣತರ್ಕದ ಪ್ರಶ್ನೆಯೆಂದು ತೋರಬಹುದು. ಆದರೆ ನೌಕಾಪಡೆಯ ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಕುಳಿತವರಿಗೆ ಇದು ದಿನನಿತ್ಯದ ಪ್ರಶ್ನೆ. ಫೋಟೋದ ಹಿಂಬದಿಯಲ್ಲಿ ಬರಹವಿಲ್ಲ, ತೆಗೆದವರು ಈಗಿಲ್ಲ, ಮಸುಕು ಕಡಲ ಮೇಲೆ ಬೂದುಬಣ್ಣದ ಯುದ್ಧನೌಕೆಯೊಂದು ನಿಂತಿದೆ. ಅದು ಯಾವುದು?

ಕಡಲಿಲ್ಲದ ಹೈದರಾಬಾದಿಗೂ ಈ ಮಾತಿಗೂ ಸಂಬಂಧವಿದೆ. ಇಲ್ಲಿಯ ನಿಜಾಮರ ಹೆಸರು ಹೊತ್ತ 'ನಿಜಾಮ್' ಎಂಬ ಡೆಸ್ಟ್ರಾಯರ್ 1940ರಲ್ಲಿ ಬ್ರಿಟನ್ನಿನಲ್ಲಿ ನೀರಿಗಿಳಿದು, 1941ರ ಜನವರಿಯಲ್ಲಿ ಆಸ್ಟ್ರೇಲಿಯದ ನೌಕಾಪಡೆಯಲ್ಲಿ ಸೇವೆಗೆ ಸೇರಿತು. ಬೀದರ, ಕಲಬುರ್ಗಿ, ರಾಯಚೂರುಗಳ ನಮ್ಮ ಹಿರಿಯರು ಆಗ ಅದೇ ನಿಜಾಮರ ಪ್ರಜೆಗಳು. ಆ ವರ್ಷದ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದಿಂದ ಸೈನಿಕರನ್ನು ಪಾರುಮಾಡಿದ ಹಡಗುಗಳಲ್ಲಿ ಇದೂ ಒಂದು. 1945ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಕೇಪ್ ಲ್ಯೂವಿನ್ ಬಳಿ ದೈತ್ಯ ಅಲೆಯೊಂದು ಅಪ್ಪಳಿಸಿ ಇದರ 10 ಮಂದಿ ನಾವಿಕರು ಕಡಲುಪಾಲಾದರು. ಅದೇ ಸೆಪ್ಟೆಂಬರಿನಲ್ಲಿ ಜಪಾನ್ ಶರಣಾದಾಗ ಹಡಗು ಟೋಕಿಯೋ ಕೊಲ್ಲಿಯಲ್ಲಿತ್ತು.

ಈ ಹಡಗನ್ನು ಫೋಟೋದಲ್ಲಿ ಗುರುತಿಸುವುದು ಸುಲಭವಲ್ಲ. ನೇಪಿಯರ್, ನೆಸ್ಟರ್, ನಾರ್ಮನ್, ನೇಪಾಲ್ ಎಂಬ ಅದರ ಸೋದರ ಹಡಗುಗಳೆಲ್ಲ ಒಂದೇ ಅಚ್ಚಿನವು. ಎಲ್ಲಕ್ಕೂ ಒಂದೇ ಹೊಗೆಕೊಳವೆ, ಒಂದೇ ಬಗೆಯ ಫಿರಂಗಿಗಳು. ಪಕ್ಕೆಯ ಮೇಲಿನ ಸಂಖ್ಯೆಯೇ ಮುಖ್ಯ ಗುರುತು. ನಿಜಾಮಿನದು ಜಿ 38. ಆದರೆ ಸಂಖ್ಯೆಗಳೂ ಬದಲಾಗುತ್ತಿದ್ದವು. ಯುದ್ಧಕಾಲದ ಸೆನ್ಸಾರಿನವರು ಫೋಟೋಗಳಿಂದ ಅವನ್ನು ಅಳಿಸಿಬಿಡುವುದೂ ಇತ್ತು. ಆಗ ಉಳಿಯುವುದು ಅನುಮಾನಪ್ರಮಾಣ. ನೆಸ್ಟರ್ 1942ರ ಜೂನಿನಲ್ಲೇ ಮುಳುಗಿತು. ಆದ್ದರಿಂದ ಅನಂತರದ ಫೋಟೋದಲ್ಲಿರುವುದು ಅದಲ್ಲ. ಹೀಗೆ ಒಂದೊಂದನ್ನೇ ಬಿಡುತ್ತ ಹೋಗಬೇಕು. ಕೊನೆಗೆ ಒಂದೇ ಉಳಿದರೆ ಅದೃಷ್ಟ, ಎರಡು ಉಳಿದರೆ?

ಕಣ್ಣನ್ನೂ ಪೂರ್ತಿ ನಂಬುವಂತಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡಿನ ಮಳೆಗರೆದ ಜರ್ಮನಿಯ 'ಎಮ್ಡೆನ್' ಹಡಗಿಗೆ ಮೂರು ಹೊಗೆಕೊಳವೆಗಳು. ಬ್ರಿಟಿಷ್ ಹಡಗೆಂದು ನಂಬಿಸಲು ಅದರ ನಾಯಕ ನಾಲ್ಕನೆಯದೊಂದು ಸುಳ್ಳು ಕೊಳವೆಯನ್ನು ನಿಲ್ಲಿಸಿದ್ದ. ಎಣಿಸಿದವರ ಲೆಕ್ಕ ಸರಿಯಾಗಿಯೇ ಇತ್ತು; ತೀರ್ಮಾನ ಮಾತ್ರ ತಪ್ಪಿತು.

ನಮ್ಮ ನೈಯಾಯಿಕರು ಸಂಶಯವನ್ನು ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಎಣಿಸಿದರು. ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬುದು ಅವರು ಕೊಡುವ ದೃಷ್ಟಾಂತ. ಸಂಶಯವನ್ನು ಅವರು ದೋಷವೆಂದು ತಳ್ಳಲಿಲ್ಲ. ವಿಚಾರ ಹುಟ್ಟುವುದೇ ಅಲ್ಲಿಂದ ಎಂದರು. ಸಂಶಯವನ್ನು ಅವಸರದಿಂದ ಮುಗಿಸಿದರೆ ವಿಚಾರವೂ ಅಲ್ಲಿಗೇ ಮುಗಿಯುತ್ತದೆ.

ಇದಕ್ಕೊಂದು ಆಕ್ಷೇಪವುಂಟು. ಕಡಲಲ್ಲಿ ಮಗನನ್ನು ಕಳೆದುಕೊಂಡ ತಾಯಿ, 'ಇದೇ ಅವನಿದ್ದ ಹಡಗೇ?' ಎಂದು ಕೇಳಿದರೆ, 'ಹೌದಮ್ಮ' ಎನ್ನುವುದು ಕರುಣೆಯಲ್ಲವೇ? 'ಇರಬಹುದು' ಎನ್ನುವುದು ಕ್ರೌರ್ಯವಲ್ಲವೇ? ಆಕ್ಷೇಪ ಹಗುರವಾದುದಲ್ಲ. ಆದರೆ ಆ ಒಂದು 'ಹೌದು' ಅಲ್ಲಿಗೇ ನಿಲ್ಲುವುದಿಲ್ಲ. ಅದು ಫೋಟೋದ ಹಿಂದೆ ಬರಹವಾಗುತ್ತದೆ, ಬರಹ ಪುಸ್ತಕಕ್ಕೆ ಹೋಗುತ್ತದೆ. ಸೋದರ ಹಡಗಿನಲ್ಲಿದ್ದ ಇನ್ನೊಬ್ಬ ತಾಯಿಯ ಮಗನ ಗುರುತು ಹೀಗೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಒಬ್ಬರಿಗೆ ಕೊಟ್ಟ ಸಮಾಧಾನವನ್ನು ಇನ್ನೊಬ್ಬರ ಪಾಲಿನಿಂದ ತೆಗೆದು ಕೊಟ್ಟಂತಾಯಿತು.

ಕಚೇರಿಯ ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ಟಿಪ್ಪಣಿಯಿಂದ ಟಿಪ್ಪಣಿಗೆ ನಕಲಾಗುವಾಗ ಮೊದಲು ಉದುರಿಹೋಗುವ ಪದ 'ಬಹುಶಃ'. ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ಊಹೆಯೇ ದಾಖಲೆಯಾಗಿ ಕುಳಿತಿರುತ್ತದೆ. ಅದನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಹಾಗಾದರೆ ಸುಮ್ಮನಿರಬೇಕೇ? ಅದೂ ಸಲ್ಲದು. ಸಂಶಯದ ಹೆಸರಿನಲ್ಲಿ ಹುಡುಕುವುದನ್ನೇ ಬಿಡುವುದು ಸೋಮಾರಿತನ. ಕಂಡದ್ದನ್ನು ಕಂಡಷ್ಟು ಬರೆಯೋಣ, ಊಹೆಗೆ ಕಾರಣ ಕೊಡೋಣ, ಮುಂದಿನವರು ತಿದ್ದಲು ಜಾಗ ಬಿಡೋಣ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲೂ ಹೆಸರಿಲ್ಲದ ಹಿರಿಯರ ಫೋಟೋಗಳುಂಟು. ಮಕ್ಕಳು ಕೇಳಿದಾಗ ತೋಚಿದ ಹೆಸರು ಹೇಳುವ ಬದಲು, ಊರಿನಲ್ಲಿ ತಿಳಿದವರು ಇರುವಾಗಲೇ ಕೇಳಿ ಬರೆದಿಡೋಣ. ಹೆಸರಿಲ್ಲದಿರುವುದು ಒಂದು ಕೊರತೆ ಮಾತ್ರ; ಇನ್ನೊಬ್ಬರ ಹೆಸರನ್ನು ಹೊತ್ತಿರುವುದು ಅನ್ಯಾಯ.